ಒಂದೇ ಮತಪತ್ರ, ಎರಡು ತೀರ್ಪು

2024ರ ನವೆಂಬರ್ 5ರಂದು ಅಮೆರಿಕದ ಮಿಸೌರಿ ರಾಜ್ಯದ ಮತದಾರರ ಕೈಗೆ ಬಂದ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಹೆಸರಷ್ಟೇ ಇರಲಿಲ್ಲ. ಅಲ್ಲಿನ ಹಲವು ರಾಜ್ಯಗಳಲ್ಲಿ ಜನರೇ ಸಹಿ ಸಂಗ್ರಹಿಸಿ, ಒಂದು ಕಾನೂನು ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ನೇರವಾಗಿ ಮತಕ್ಕೆ ಹಾಕಿಸಬಹುದು. ಹಾಗೆ ಬಂದ ಒಂದು ಪ್ರಶ್ನೆ ಅಂದಿನ ಮತಪತ್ರದಲ್ಲಿತ್ತು: ಗಂಟೆಯ ಕನಿಷ್ಠ ಕೂಲಿಯನ್ನು 2026ರ ಹೊತ್ತಿಗೆ 15 ಡಾಲರಿಗೆ ಏರಿಸಬೇಕೆ, 30 ಗಂಟೆ ದುಡಿದವರಿಗೆ ಒಂದು ಗಂಟೆಯಂತೆ ಸಂಬಳ ಸಹಿತ ಕಾಯಿಲೆ ರಜೆ ಕೊಡಬೇಕೆ? ಶೇ. 58ರಷ್ಟು ಜನ ಹೌದು ಎಂದರು. ಅದೇ ಮತಪತ್ರದ ಮೇಲ್ಭಾಗದಲ್ಲಿ, ಇಂಥ ಕಾನೂನುಗಳನ್ನು ತಲೆಮಾರುಗಳಿಂದ ವಿರೋಧಿಸಿಕೊಂಡು ಬಂದ ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್ ಅವರಿಗೂ ಶೇ. 58ರಷ್ಟು ಮತ ಬಿತ್ತು. ಎರಡನ್ನೂ ಕೂಡಿಸಿದರೆ 116. ನೂರನ್ನು ಮೀರಿದ ಆ ಹದಿನಾರೇ ಗುಟ್ಟು ಬಿಟ್ಟುಕೊಡುತ್ತದೆ. ಸುಮಾರು ಆರು ಜನರಲ್ಲಿ ಒಬ್ಬರಾದರೂ ಟ್ರಂಪ್ ಅವರಿಗೂ ಕೂಲಿ ಏರಿಕೆಗೂ ಒಟ್ಟೊಟ್ಟಿಗೆ ಮತ ಹಾಕಿದ್ದಾರೆ.

ಅಮೆರಿಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಕಾರ್ಮಿಕ ಮತದಾರನನ್ನು ಮೇಜಿನ ಮೇಲೆ ಮಲಗಿಸಿ ಶವಪರೀಕ್ಷೆ ನಡೆಸುವ ಸಂಪ್ರದಾಯವಿದೆ. ಡೆಮಾಕ್ರಟಿಕ್ ಪಕ್ಷದ ಕಡೆಯವರ ವರದಿ ಬಹುಮಟ್ಟಿಗೆ ಒಂದೇ: ಅವನು ಮೋಸಹೋದ, ಧರ್ಮ, ಬಂದೂಕು, ವಲಸಿಗರ ಭಯ ತೋರಿಸಿ ಅವನ ಜೇಬು ಕತ್ತರಿಸಿದರು, ಅವನು ತನ್ನ ಹಿತದ ವಿರುದ್ಧವೇ ಮತ ಹಾಕಿದ. ರಿಪಬ್ಲಿಕನ್ನರ ವರದಿಯೂ ಒಂದೇ: ಅವನಿಗೆ ಕೊನೆಗೂ ಕಣ್ಣು ತೆರೆಯಿತು, ಸರ್ಕಾರದ ಹಂಗು, ಯೂನಿಯನ್ನಿನ ಕಾಟ ಬೇಡವೆಂದು ನಮ್ಮ ಕಡೆ ಬಂದ. ಮಿಸೌರಿಯ ಮತಪತ್ರ ಈ ಎರಡು ವರದಿಗಳನ್ನೂ ಸುಳ್ಳಾಗಿಸುತ್ತದೆ. ತನ್ನ ಹಿತ ಯಾವುದೆಂದು ಆ ಮತದಾರನಿಗೆ ಗೊತ್ತಿತ್ತು, ಗುರುತು ಹಾಕಿಯೇ ಹೇಳಿದ. ಸರ್ಕಾರ ತನ್ನ ಕೂಲಿಯ ವಿಷಯದಲ್ಲಿ ಕೈಹಾಕಬಾರದೆಂದೂ ಅವನು ಹೇಳಲಿಲ್ಲ. ಅವನು ಹೇಳಿದ್ದು ಇಷ್ಟೇ: ಕೂಲಿ ಏರಲಿ, ಆದರೆ ಅದನ್ನು ಏರಿಸುತ್ತೇವೆ ಎನ್ನುವ ಪಕ್ಷದ ಮೇಲೆ ನನಗೆ ನಂಬಿಕೆಯಿಲ್ಲ. ಹಿತದ ಅರಿವು ತಪ್ಪಿಹೋಗಿಲ್ಲ. ಹಿತವನ್ನು ಪಕ್ಷಕ್ಕೆ ಕಟ್ಟಿದ್ದ ಹಗ್ಗ ಕಡಿದುಹೋಗಿದೆ. ಆ ಹಗ್ಗ ಯಾವುದಾಗಿತ್ತು, ಯಾರು ಕಡಿದರು ಎಂದು ಕೇಳದೆ ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳು ಅರ್ಥವಾಗುವುದಿಲ್ಲ.

ಮಿಸೌರಿಯದು ಒಂದು ದಿನದ ವಿಚಿತ್ರವಲ್ಲ. ಅದೇ ರಾಜ್ಯದಲ್ಲಿ 2018ರ ಆಗಸ್ಟಿನಲ್ಲಿ, ಯೂನಿಯನ್ನುಗಳ ಬೆನ್ನುಮೂಳೆ ಮುರಿಯಲು ರಿಪಬ್ಲಿಕನ್ ಶಾಸಕರು ತಂದಿದ್ದ ಕಾನೂನನ್ನು ಮೂರರಲ್ಲಿ ಎರಡು ಪಾಲು ಮತದಾರರು ತಿರಸ್ಕರಿಸಿದರು. ಅದೇ ನವೆಂಬರಿನಲ್ಲಿ ಕನಿಷ್ಠ ಕೂಲಿಯನ್ನು 12 ಡಾಲರಿಗೆ ಏರಿಸುವ ಪ್ರಶ್ನೆಗೆ ಶೇ. 62 ಮಂದಿ ಹೌದೆಂದರು, ಮತ್ತು ಅಂದೇ ತಮ್ಮ ಡೆಮಾಕ್ರಟಿಕ್ ಸೆನೆಟರನ್ನು ಸೋಲಿಸಿ ಮನೆಗೆ ಕಳಿಸಿದರು. ಫ್ಲಾರಿಡಾದಲ್ಲಿ 2020ರಲ್ಲಿ ಟ್ರಂಪ್ ಗೆದ್ದದ್ದು ಶೇ. 51ರಿಂದ, 15 ಡಾಲರ್ ಕೂಲಿ ಗೆದ್ದದ್ದು ಶೇ. 61ರ ಸಮೀಪ. ಕೂಲಿ ಏರಿಕೆಗೆ ಟ್ರಂಪ್‌ಗಿಂತ ಹೆಚ್ಚು ಜನಪ್ರಿಯತೆ ಇತ್ತು. ಇದಾಗಿ ನಾಲ್ಕೇ ತಿಂಗಳಿಗೆ, 2021ರ ಮಾರ್ಚಿನಲ್ಲಿ, ಇಡೀ ದೇಶಕ್ಕೆ 15 ಡಾಲರ್ ಕೂಲಿಯ ಪ್ರಸ್ತಾಪ ಸೆನೆಟ್ಟಿಗೆ ಬಂತು. ಅಧ್ಯಕ್ಷರು ಡೆಮಾಕ್ರಟಿಕ್, ಎರಡೂ ಸದನಗಳು ಆ ಪಕ್ಷದ ಕೈಯಲ್ಲಿ. ಆದರೂ 42ಕ್ಕೆ ಎದುರಾಗಿ 58 ಮತಗಳಿಂದ ಅದು ಬಿದ್ದುಹೋಯಿತು. ಬೀಳಿಸಿದವರಲ್ಲಿ ಡೆಮಾಕ್ರಟಿಕ್ ಗುಂಪಿನವರೇ ಎಂಟು ಮಂದಿ. ರಾಷ್ಟ್ರೀಯ ಕನಿಷ್ಠ ಕೂಲಿ 2009ರ ಜುಲೈನಿಂದ 7.25 ಡಾಲರಿನಲ್ಲೇ ಕೂತಿದೆ. ಇಷ್ಟನ್ನು ನೋಡಿದ ಅಡುಗೆಮನೆಯ ಸಹಾಯಕ ಅಥವಾ ಗೋದಾಮಿನ ಕೆಲಸದವಳು, ಕಾರ್ಯಕ್ರಮಕ್ಕೆ ಮತ ಹಾಕಿ ಪಕ್ಷಕ್ಕೆ ಹಾಕದಿದ್ದರೆ ಅದನ್ನು ಮೌಢ್ಯ ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಕಾರ್ಮಿಕ ವರ್ಗ ಅಂದರೆ ಯಾರು ಎಂಬ ತಕರಾರು ಇಲ್ಲೇ ಏಳುತ್ತದೆ, ಅದು ನ್ಯಾಯವಾದ ತಕರಾರೂ ಹೌದು. ಅಮೆರಿಕದ ಸಮೀಕ್ಷೆಗಳು ಕಾಲೇಜು ಪದವಿ ಇಲ್ಲದವರನ್ನೆಲ್ಲ ಈ ಹೆಸರಿನ ಚೀಲಕ್ಕೆ ತುಂಬುತ್ತವೆ. ಹತ್ತು ಟ್ರಕ್ ಇಟ್ಟುಕೊಂಡ ಗುತ್ತಿಗೆದಾರನಿಗೂ ಪದವಿ ಇಲ್ಲದಿರಬಹುದು. ಬಾಡಿಗೆ ಕಟ್ಟಲಾಗದ ಶಾಲಾ ಶಿಕ್ಷಕಿಗೆ ಎರಡು ಪದವಿ ಇರಬಹುದು. ಆದ್ದರಿಂದ ಟ್ರಂಪ್ ಬೆಂಬಲಿಗರೆಲ್ಲ ಬಡ ಕೂಲಿಕಾರರು ಎಂಬ ಚಿತ್ರ ಉತ್ಪ್ರೇಕ್ಷೆಯೇ. ಅಳತೆಗೋಲು ಒರಟಾಗಿದ್ದರೂ ಅದು ತೋರಿಸುವ ದಿಕ್ಕು ಮಾತ್ರ ನಿಚ್ಚಳವಾಗಿದೆ. 2024ರ ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಪದವಿ ಇಲ್ಲದವರಲ್ಲಿ ಸುಮಾರು ಶೇ. 56 ಮಂದಿ ಟ್ರಂಪ್ ಕಡೆಗಿದ್ದರೆ, ಪದವೀಧರರಲ್ಲಿ ಹೆಚ್ಚುಕಡಿಮೆ ಅಷ್ಟೇ ಪಾಲು ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಕಡೆಗಿತ್ತು. ವರ್ಷಕ್ಕೆ ಲಕ್ಷ ಡಾಲರಿಗಿಂತ ಹೆಚ್ಚು ದುಡಿಯುವವರಲ್ಲಿ ಡೆಮಾಕ್ರಟಿಕ್ ಪಕ್ಷ ಮುಂದಿತ್ತು. ಡೆಮಾಕ್ರಟಿಕ್ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಕಾಲದವರು ಎದ್ದು ಬಂದು ಈ ಲೆಕ್ಕ ನೋಡಿದರೆ ಎರಡು ಪಕ್ಷಗಳ ಹೆಸರು ಅದಲುಬದಲಾಗಿ ಅಚ್ಚಾಗಿದೆ ಎಂದುಕೊಂಡಾರು.

ರೂಸ್ವೆಲ್ಟ್ ಕಾಲದಲ್ಲಿ ಹಗ್ಗ ಹೆಣೆದದ್ದು ಭಾಷಣಗಳಲ್ಲ. 1935ರ ವ್ಯಾಗ್ನರ್ ಕಾಯ್ದೆ ಕಾರ್ಮಿಕರಿಗೆ ಸಂಘ ಕಟ್ಟುವ, ಮಾಲೀಕರ ಜೊತೆ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕು ಕೊಟ್ಟಿತು. 1950ರ ದಶಕದ ನಡುವಿನ ಹೊತ್ತಿಗೆ ಸಂಬಳಕ್ಕೆ ದುಡಿಯುವ ಮೂವರಲ್ಲಿ ಒಬ್ಬರು ಯೂನಿಯನ್ ಸದಸ್ಯರು. ಯೂನಿಯನ್ ಅಂದರೆ ಕೂಲಿಯ ಲೆಕ್ಕ ಮಾತ್ರವಲ್ಲ. ಊರಿನಲ್ಲಿ ಅದಕ್ಕೊಂದು ಸಭಾಭವನ. ಅಲ್ಲಿ ಮದುವೆಯ ಔತಣ, ಬೌಲಿಂಗ್ ಆಟದ ತಂಡ, ಬೇಸಗೆಯ ವನಭೋಜನ, ಕಾಯಿಲೆ ಬಿದ್ದವನ ಮನೆಗೆ ಚಂದಾ. ಅಲ್ಲಿ ಪಕ್ಕದಲ್ಲಿ ಕೂತು ಬಿಯರ್ ಕುಡಿಯುವ ಗೆಳೆಯನೇ 'ಈ ಸಲ ಇವರಿಗೆ ಹಾಕೋಣ, ಇಂಥ ಕಾರಣಕ್ಕೆ' ಎನ್ನುತ್ತಿದ್ದ. ರಾಜಕೀಯ ಬಂದದ್ದು ಪರಿಚಿತ ಬಾಯಿಂದ. ಸಂಶೋಧಕರಾದ ಲೈನಿ ನ್ಯೂಮನ್ ಮತ್ತು ಥೀಡಾ ಸ್ಕಾಚ್‌ಪೋಲ್ ಪಶ್ಚಿಮ ಪೆನ್ಸಿಲ್ವೇನಿಯಾದ ಉಕ್ಕಿನ ಊರುಗಳನ್ನು ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ಚಿತ್ರವಿದೆ. ಕಾರ್ಖಾನೆ ಮುಚ್ಚಿದ ಮೇಲೆ ಸಭಾಭವನಗಳು ಬರಿದಾದವು. ಆ ಜಾಗಕ್ಕೆ ಬಂದೂಕು ಕ್ಲಬ್ಬುಗಳೂ ದೊಡ್ಡ ಚರ್ಚುಗಳೂ ಬಂದವು. ಮಾತು ಬರುವ ಬಾಯಿ ಬದಲಾಯಿತು, ಮಾತೂ ಬದಲಾಯಿತು. ಇದು ಬರೀ ಅನಿಸಿಕೆಯಲ್ಲ ಎನ್ನುವುದಕ್ಕೆ ಇನ್ನೊಂದು ಅಧ್ಯಯನವಿದೆ. ಯೂನಿಯನ್ ಒಪ್ಪಂದದ ಲಾಭ ಪಡೆಯುವವರು ಅದಕ್ಕೆ ಚಂದಾ ಕೊಡಲೇಬೇಕಿಲ್ಲ ಎಂಬ ಕಾನೂನು ಹಲವು ರಾಜ್ಯಗಳಲ್ಲಿದೆ. ಮಿಸೌರಿಯವರು ತಿರಸ್ಕರಿಸಿದ್ದು ಅದನ್ನೇ. ಈ ಕಾನೂನು ಇರುವ ರಾಜ್ಯದ ಗಡಿಯ ಕೌಂಟಿಗಳನ್ನು, ಅಂದರೆ ಜಿಲ್ಲೆಗಳನ್ನು, ಆಚೆಬದಿಯ ಕೌಂಟಿಗಳ ಜೊತೆ ಇಟ್ಟು ನೋಡಿದ ಮೂವರು ಸಂಶೋಧಕರು, ಕಾನೂನು ಬಂದ ಕಡೆ ಅಧ್ಯಕ್ಷೀಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಮತಪ್ರಮಾಣ ಸುಮಾರು ಮೂರೂವರೆ ಅಂಶದಷ್ಟು ಕುಸಿಯುತ್ತದೆಂದು 2018ರಲ್ಲಿ ತೋರಿಸಿದರು. ಇಂದು ಯೂನಿಯನ್ ಸದಸ್ಯರು ನೂರಕ್ಕೆ ಸುಮಾರು ಹತ್ತು. ಖಾಸಗಿ ವಲಯದಲ್ಲಿ ಸುಮಾರು ಆರು.

ಹಗ್ಗ ಕಡಿದ ರೀತಿಯನ್ನು ನೋಡಬೇಕಾದರೆ ಒಹಾಯೊ ರಾಜ್ಯದ ಯಂಗ್ಸ್‌ಟೌನ್‌ಗೆ ಹೋಗಬೇಕು. 1977ರ ಸೆಪ್ಟೆಂಬರ್ 19, ಸೋಮವಾರ, ಅಲ್ಲಿನ ದೊಡ್ಡ ಉಕ್ಕಿನ ಕಂಪನಿ ತನ್ನ ಕ್ಯಾಂಬೆಲ್ ಕಾರ್ಖಾನೆಯನ್ನು ಮುಚ್ಚುವುದಾಗಿ ಹೇಳಿತು. ಒಂದೇ ಏಟಿಗೆ ಸುಮಾರು 5,000 ಕೆಲಸ. ಊರಿನವರು ಅದನ್ನು ಇಂದಿಗೂ ಕರಾಳ ಸೋಮವಾರ ಎನ್ನುತ್ತಾರೆ. ಮುಂದಿನ ಕೆಲವೇ ವರ್ಷಗಳಲ್ಲಿ ಸುತ್ತಲಿನ ಕಣಿವೆಯಲ್ಲಿ ಹತ್ತಾರು ಸಾವಿರ ಕೆಲಸಗಳು ಹೋದವು. ಆಗ ಪಾದ್ರಿಗಳೂ ಕಾರ್ಮಿಕರೂ ಸೇರಿ, ಕಾರ್ಖಾನೆಯನ್ನು ಊರೇ ಕೊಂಡು ನಡೆಸುತ್ತದೆ, ಸಾಲಕ್ಕೆ ಕೇಂದ್ರ ಸರ್ಕಾರ ಜಾಮೀನು ನಿಲ್ಲಲಿ ಎಂದು ಯೋಜನೆ ಹಾಕಿಕೊಂಡು ವಾಷಿಂಗ್ಟನ್‌ಗೆ ಹೋದರು. 1979ರಲ್ಲಿ ಜಿಮ್ಮಿ ಕಾರ್ಟರ್ ಸರ್ಕಾರ ಆಗದು ಎಂದಿತು. ಕಾರ್ಟರ್ ಡೆಮಾಕ್ರಟಿಕ್ ಪಕ್ಷದವರು. 1993ರಲ್ಲಿ ಮೆಕ್ಸಿಕೊ, ಕೆನಡಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ ಕೆಳಮನೆಗೆ ಬಂದಾಗ ಡೆಮಾಕ್ರಟಿಕ್ ಸದಸ್ಯರಲ್ಲಿ 156 ಮಂದಿ ವಿರೋಧಿಸಿದರು, 102 ಮಂದಿ ಬೆಂಬಲಿಸಿದರು. ರಿಪಬ್ಲಿಕನ್ನರ ಮತ ಕೂಡಿಸಿಕೊಂಡು ಅದನ್ನು ಗೆಲ್ಲಿಸಿದ್ದು ಬಿಲ್ ಕ್ಲಿಂಟನ್. 2000ದಲ್ಲಿ ಚೀನಾಕ್ಕೆ ಶಾಶ್ವತ ವ್ಯಾಪಾರ ಸಂಬಂಧದ ಬಾಗಿಲು ತೆರೆದದ್ದೂ ಅವರೇ. ಆ ವರ್ಷ ಅಮೆರಿಕದ ಕಾರ್ಖಾನೆಗಳಲ್ಲಿ ಒಂದು ಕೋಟಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. 2010ರ ಹೊತ್ತಿಗೆ ಉಳಿದವರು ಸುಮಾರು ಒಂದು ಕೋಟಿ ಹದಿನೈದು ಲಕ್ಷ. ಇದರಲ್ಲಿ ಯಂತ್ರಗಳ ಪಾಲೂ ಇದೆ, 2008ರ ಆರ್ಥಿಕ ಕುಸಿತದ ಪಾಲೂ ಇದೆ. ಚೀನಾದ ಪಾಲು ಎಷ್ಟೆಂದು ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಸಂಗಡಿಗರು ಕಾರ್ಖಾನೆಗಳಲ್ಲೇ ಹತ್ತು ಲಕ್ಷದಷ್ಟು, ಒಟ್ಟಾರೆ ಇಪ್ಪತ್ತು ಲಕ್ಷಕ್ಕೂ ಮೇಲೆ ಕೆಲಸಗಳು ಹೋದವೆಂದರು. ಒಪ್ಪಂದದ ಲಾಭ ದೇಶಕ್ಕೆಲ್ಲ ಚೂರುಚೂರಾಗಿ ಅಗ್ಗದ ಟೀವಿ, ಅಗ್ಗದ ಶೂ ರೂಪದಲ್ಲಿ ಹಂಚಿಹೋಯಿತು. ನಷ್ಟ ಮಾತ್ರ ಕೆಲವೇ ಊರುಗಳ ತಲೆಯ ಮೇಲೆ ಇಡಿಯಾಗಿ ಬಿತ್ತು.

2017ರ ಜುಲೈನಲ್ಲಿ ಟ್ರಂಪ್ ಇದೇ ಯಂಗ್ಸ್‌ಟೌನ್‌ಗೆ ಬಂದು, ಕೆಲಸಗಳೆಲ್ಲ ವಾಪಸ್ ಬರುತ್ತಿವೆ, ಮನೆ ಮಾರಬೇಡಿ ಎಂದು ಹೇಳಿಹೋದರು. ಮರುವರ್ಷದ ನವೆಂಬರಿನಲ್ಲಿ ಜನರಲ್ ಮೋಟರ್ಸ್ ಕಂಪನಿ ಹತ್ತಿರದ ಲಾರ್ಡ್ಸ್‌ಟೌನ್ ಕಾರ್ಖಾನೆಯ ಹೆಸರನ್ನು ಮುಚ್ಚುವ ಪಟ್ಟಿಗೆ ಸೇರಿಸಿತು. 2019ರ ಮಾರ್ಚಿನಲ್ಲಿ ಅಲ್ಲಿಂದ ಕೊನೆಯ ಕಾರು ಹೊರಬಂತು. ಮಾತು ಇಷ್ಟು ಬಹಿರಂಗವಾಗಿ ಸುಳ್ಳಾದ ಮೇಲೆ ಶಿಕ್ಷೆಯಾಗಬೇಕಿತ್ತು. 2020ರಲ್ಲಿ ಯಂಗ್ಸ್‌ಟೌನ್ ಇರುವ ಮಹೋನಿಂಗ್ ಕೌಂಟಿ ಟ್ರಂಪ್ ಅವರನ್ನು ಗೆಲ್ಲಿಸಿತು. 1972ರ ನಿಕ್ಸನ್ ನಂತರ ಅಲ್ಲಿ ಗೆದ್ದ ಮೊದಲ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ಅವರು. 'ನೋಡಿ, ಮೋಸಹೋದರು ಎಂದು ನಾವು ಹೇಳಲಿಲ್ಲವೆ' ಎಂದು ಡೆಮಾಕ್ರಟಿಕ್ ಪಂಡಿತರು ಇದನ್ನೇ ಎತ್ತಿ ತೋರಿಸುತ್ತಾರೆ. ನನಗೆ ಕಾಣುವುದು ಬೇರೆ. ನಲವತ್ತು ವರ್ಷ ಇಬ್ಬರಿಂದಲೂ ಮಾತು ಕೇಳಿ ಕೇಳಿ, ಮಾತು ಉಳಿಸಿಕೊಳ್ಳುವುದು ಮತಕ್ಕೆ ಅಳತೆಗೋಲಾಗಿ ಅಲ್ಲಿ ಉಳಿದೇ ಇಲ್ಲ. ಎಲ್ಲರೂ ಸುಳ್ಳು ಹೇಳುವವರೇ ಆದಾಗ, ತಮ್ಮ ಸಿಟ್ಟನ್ನು ತಮ್ಮ ದನಿಯಲ್ಲೇ ಹೇಳುವವನಿಗೆ ಜನ ರಿಯಾಯಿತಿ ಕೊಡುತ್ತಾರೆ. ನಂಬಿಕೆ ಸತ್ತ ಜಾಗದಲ್ಲಿ ಸಿಟ್ಟೇ ಸಾಚಾತನದಂತೆ ಕಾಣುತ್ತದೆ.

ಈ ಸಿಟ್ಟಿನ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಚಿಕ್ಕ ಪಾತ್ರ ಸಿಕ್ಕಿತು. 2009ರ ಮೇ ತಿಂಗಳಲ್ಲಿ ಬರಾಕ್ ಒಬಾಮಾ ತೆರಿಗೆ ನೀತಿಯ ಬಗ್ಗೆ ಮಾತಾಡುತ್ತ, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕೆಲಸ ಸೃಷ್ಟಿಸುವ ಬದಲು ಬೆಂಗಳೂರಿನಲ್ಲಿ ಸೃಷ್ಟಿಸಿದರೆ ಕಡಿಮೆ ತೆರಿಗೆ ಎನ್ನುವಂಥ ಕಾನೂನು ತಮಗೆ ಬೇಡವೆಂದರು. ನಮ್ಮ ಪತ್ರಿಕೆಗಳು ಆಗ ಸಾಕಷ್ಟು ಗಾಬರಿಗೊಂಡವು. ಅಸಲಿಗೆ ಬಫಲೋ ಕೂಡ ಯಂಗ್ಸ್‌ಟೌನಿನಂತೆ ಉಕ್ಕಿನಿಂದ ಬಾಳಿ, ಉಕ್ಕು ಹೋದ ಮೇಲೆ ಸೊರಗಿದ ಊರು. ಅದರ ಕುಲುಮೆಗಳು ಆರಿದ್ದು ವೈಟ್‌ಫೀಲ್ಡಿನಲ್ಲಿ ಗಾಜಿನ ಕಟ್ಟಡ ಏಳುವುದಕ್ಕೆ ಎಷ್ಟೋ ಮೊದಲು. ಆದರೆ ಭಾಷಣಕ್ಕೆ ಪ್ರಾಸವೊಂದು ಬೇಕಿತ್ತು, 'ಬ' ಇಂದ ಶುರುವಾಗುವ ದೂರದ ಊರೊಂದು ಸಿಕ್ಕಿತು.

ನನ್ನ ವಾದಕ್ಕೆ ಬರುವ ಬಲವಾದ ಆಕ್ಷೇಪ ಜನಾಂಗದ್ದು. ಬಿಳಿಯ ಕಾರ್ಮಿಕರು ಡೆಮಾಕ್ರಟಿಕ್ ಪಕ್ಷ ಬಿಟ್ಟದ್ದು ಕೂಲಿಗಾಗಿ ಅಲ್ಲ, ಆ ಪಕ್ಷ ಕಪ್ಪು ಜನರ ಹಕ್ಕಿನ ಪರ ನಿಂತದ್ದಕ್ಕೆ ಎಂಬುದು ಅದರ ತಿರುಳು. ಇದನ್ನು ತಳ್ಳಿಹಾಕುವಂತಿಲ್ಲ. ಡೆಟ್ರಾಯಿಟ್ ಪಕ್ಕದ ಮಕೋಂಬ್ ಕೌಂಟಿ ಕಾರು ಕಾರ್ಮಿಕರ ಬಡಾವಣೆಗಳ ಪ್ರದೇಶ. 1960ರಲ್ಲಿ ಅದು ಡೆಮಾಕ್ರಟಿಕ್ ಪಕ್ಷದ ಕೆನಡಿಗೆ ಶೇ. 63 ಮತ ಕೊಟ್ಟಿತ್ತು. 1984ರಲ್ಲಿ ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್ ಅವರಿಗೆ ಮೂರರಲ್ಲಿ ಎರಡು ಪಾಲು. ನಡುವೆ ಏನಾಯಿತು? ಬಿಳಿಯರ ಮತ್ತು ಕಪ್ಪು ಜನರ ಮಕ್ಕಳನ್ನು ಬಸ್ಸಿನಲ್ಲಿ ಒಯ್ದು ಶಾಲೆಗಳಲ್ಲಿ ಬೆರೆಸುವ ಯೋಜನೆಯ ವಿರುದ್ಧ ಅಲ್ಲಿ ಬೆಂಕಿ ಹತ್ತಿತು. 1972ರಲ್ಲಿ ಮಿಶಿಗನ್‌ನ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯನ್ನೇ ಜನಾಂಗ ಪ್ರತ್ಯೇಕತೆಯ ಹರಿಕಾರ ಜಾರ್ಜ್ ವಾಲೆಸ್ ಗೆದ್ದುಕೊಂಡರು. 1985ರಲ್ಲಿ ಅಲ್ಲಿಗೆ ಹೋಗಿ ಜನರನ್ನು ಕೂರಿಸಿ ಮಾತಾಡಿಸಿದ ಸಮೀಕ್ಷಕ ಸ್ಟಾನ್ಲಿ ಗ್ರೀನ್‌ಬರ್ಗ್ ಕೇಳಿಸಿಕೊಂಡದ್ದರಲ್ಲಿ ಈ ವಿಷ ಧಾರಾಳವಾಗಿತ್ತು. ಹಾಗಿದ್ದೂ ಅದೇ ಮಕೋಂಬ್ 2008ರಲ್ಲೂ 2012ರಲ್ಲೂ ಒಬಾಮಾ ಅವರನ್ನು ಗೆಲ್ಲಿಸಿದೆ. ಕಾರು ಕಂಪನಿಗಳು ಮುಳುಗುತ್ತಿದ್ದಾಗ ಸರ್ಕಾರದ ಹಣ ಹಾಕಿ ಎತ್ತಿದವರು ಒಬಾಮಾ. 2012ರಲ್ಲಿ ಅವರ ಎದುರಾಳಿ ಮಿಟ್ ರಾಮ್ನಿ ಡೆಟ್ರಾಯಿಟ್ ದಿವಾಳಿಯಾಗಲಿ ಎಂಬ ತಲೆಬರಹದ ಲೇಖನದಿಂದ ಹೆಸರಾಗಿದ್ದವರು. ನಾಲ್ಕು ವರ್ಷದ ಮೇಲೆ ಅದೇ ಕೌಂಟಿ ಟ್ರಂಪ್ ಅವರಿಗೆ 48,000 ಮತಗಳ ಮುನ್ನಡೆ ಕೊಟ್ಟಿತು. ಇಡೀ ಮಿಶಿಗನ್‌ನಲ್ಲಿ ಅವರ ಅಂತರ 10,704 ಮಾತ್ರ. ಮಿಶಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ರಾಜ್ಯ ಸೇರಿ ಸುಮಾರು 78,000 ಮತಗಳ ಅಂತರ 2016ರ ಅಧ್ಯಕ್ಷರನ್ನು ನಿರ್ಧರಿಸಿತು. ಜನಾಂಗ ದ್ವೇಷವೊಂದೇ ಕಾರಣವಾಗಿದ್ದರೆ ಒಬಾಮಾ ಎರಡು ಸಲ ಗೆದ್ದ ನೆಲ ಹೀಗೆ ಮಗುಚಬೇಕಿರಲಿಲ್ಲ. ಹಳೆಯ ಯೂನಿಯನ್ನುಗಳು ಸಂತರ ಮಠಗಳೇನಲ್ಲ. ಅವುಗಳಲ್ಲೂ ಬಣ್ಣದ ಗೋಡೆಗಳಿದ್ದವು. ಆದರೂ ಕಾರು ಕಾರ್ಮಿಕರ ಸಂಘದ ಅಧ್ಯಕ್ಷ ವಾಲ್ಟರ್ ರಾಯ್ಥರ್ 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ಅದೇ ವೇದಿಕೆಯಲ್ಲಿ ನಿಂತು ಮಾತಾಡಿದವರು. ಜನಾಂಗದ ಬಿರುಕಿಗೆ ಅಡ್ಡವಾಗಿ ಕಟ್ಟಿದ್ದ ಪಟ್ಟಿ ಯೂನಿಯನ್ ಒಂದೇ, ಅದು ಸಡಿಲವಾದಷ್ಟೂ ಬಿರುಕು ಅಗಲವಾಯಿತು. ಇನ್ನು ಟೆಕ್ಸಾಸಿನ ಸ್ಟಾರ್ ಕೌಂಟಿಯನ್ನು ನೋಡಿ: ಬಹುತೇಕ ಎಲ್ಲರೂ ಲ್ಯಾಟಿನೊ ಮೂಲದವರು. 2016ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಹಿಲರಿ ಕ್ಲಿಂಟನ್ ಅಲ್ಲಿ ಅರವತ್ತು ಅಂಶಗಳ ಅಂತರದಲ್ಲಿ ಗೆದ್ದಿದ್ದರು. 2024ರಲ್ಲಿ ಅದು ಟ್ರಂಪ್ ಪಾಲಾಯಿತು. ಅಲ್ಲಿ ರಿಪಬ್ಲಿಕನ್ ಒಬ್ಬರು ಹಿಂದೆ ಗೆದ್ದದ್ದು 1892ರಲ್ಲಿ. ಬಿಳಿಯರ ಕೋಪ ಎಂಬ ಬೀಗದ ಕೈ ಈ ಬಾಗಿಲಿಗೆ ಹೊಂದುವುದಿಲ್ಲ.

ಬೆಲೆಯೇರಿಕೆಯ ಆಕ್ಷೇಪ ಇನ್ನೂ ಸರಳ. 2022ರ ಜೂನಿನಲ್ಲಿ ಹಣದುಬ್ಬರ ಶೇ. 9.1 ಮುಟ್ಟಿತು, ಮೊಟ್ಟೆ ಬ್ರೆಡ್ಡುಗಳ ಬೆಲೆ ಕಂಡು ಜನ ಅಧಿಕಾರದಲ್ಲಿದ್ದವರನ್ನು ಇಳಿಸಿದರು, ಅದಕ್ಕೆ ಇಷ್ಟು ಇತಿಹಾಸ ಯಾಕೆ ಎನ್ನುವವರಿದ್ದಾರೆ. 2024ರ ಮಟ್ಟಿಗೆ ಅದು ಬಹುಪಾಲು ನಿಜ. 1984ಕ್ಕೂ 2016ಕ್ಕೂ ಅದು ಉತ್ತರ ಕೊಡುವುದಿಲ್ಲ. ಅದಕ್ಕಿಂತ ಕಷ್ಟದ ಪ್ರಶ್ನೆ ಆಗಿನ ಡೆಮಾಕ್ರಟಿಕ್ ಅಧ್ಯಕ್ಷ ಬೈಡನ್ ಅವರದು. 2022ರ ಡಿಸೆಂಬರಿನಲ್ಲಿ ಅವರ ಸರ್ಕಾರ ಲಾರಿ ಚಾಲಕರೇ ಹೆಚ್ಚಾಗಿರುವ ಟೀಮ್‌ಸ್ಟರ್ಸ್ ಯೂನಿಯನ್ನಿನ ಮುಳುಗುತ್ತಿದ್ದ ಪಿಂಚಣಿ ನಿಧಿಗೆ ಸುಮಾರು 3,600 ಕೋಟಿ ಡಾಲರ್ ಕೊಟ್ಟು ಮೂರೂವರೆ ಲಕ್ಷ ಜನರ ಮುಪ್ಪನ್ನು ಕಾಪಾಡಿತು. 2023ರ ಸೆಪ್ಟೆಂಬರಿನಲ್ಲಿ ಮಿಶಿಗನ್‌ನಲ್ಲಿ ಮುಷ್ಕರ ಹೂಡಿದ್ದ ಕಾರು ಕಾರ್ಮಿಕರ ಸಾಲಿನಲ್ಲಿ ಬೈಡನ್ ಹೋಗಿ ನಿಂತರು; ಅಧಿಕಾರದಲ್ಲಿದ್ದ ಯಾವ ಅಧ್ಯಕ್ಷರೂ ಅದುವರೆಗೆ ಹಾಗೆ ಮಾಡಿರಲಿಲ್ಲ. ಮರುವರ್ಷ ಟೀಮ್‌ಸ್ಟರ್ಸ್ ಯಾರಿಗೂ ಬೆಂಬಲ ಘೋಷಿಸಲಿಲ್ಲ. ಅವರ ಸದಸ್ಯರ ನಡುವೆ ನಡೆದ ಸಮೀಕ್ಷೆಯೊಂದರಲ್ಲಿ ಸುಮಾರು ಶೇ. 60 ಮಂದಿ ಟ್ರಂಪ್ ಪರ ಇದ್ದರು. ಉಪಕಾರ ಮಾಡಿಯೂ ಮತ ಬರಲಿಲ್ಲ ಅಂದಮೇಲೆ ಕೃತಘ್ನತೆ ಎನ್ನಬೇಡವೆ? ಪಿಂಚಣಿ ಕಡಿತವಾಗಲಿಲ್ಲ ಎಂಬುದು ಸುದ್ದಿಯಾಗುವ ಸಂಗತಿಯೇ ಅಲ್ಲ. ಬರಬೇಕಾದ ಚೆಕ್ಕು ಎಂದಿನಂತೆ ಬಂತು, ಅಷ್ಟೇ. ತಪ್ಪಿದ ಅನಾಹುತವನ್ನು ಯಾರಾದರೂ ಬಿಡಿಸಿ ಹೇಳಬೇಕು. ಹೇಳಬೇಕಿದ್ದ ಪಕ್ಕದ ಕುರ್ಚಿಯ ಗೆಳೆಯ ಸಭಾಭವನದ ಜೊತೆಗೇ ಹೋಗಿಬಿಟ್ಟಿದ್ದ. ಯೂನಿಯನ್ ಸದಸ್ಯರಿರುವ ಮನೆಗಳನ್ನಷ್ಟೇ ಒಟ್ಟು ತೆಗೆದುಕೊಂಡರೆ, ಅಂಥ ವರ್ಷದಲ್ಲೂ ಅರ್ಧಕ್ಕಿಂತ ಹೆಚ್ಚು ಮತ ಹ್ಯಾರಿಸ್ ಅವರಿಗೇ ಹೋಯಿತು. ಎಳೆ ಉಳಿದ ಕಡೆ ಒಂದಿಷ್ಟು ಹಿಡಿತವೂ ಉಳಿದಿತ್ತು.

ರಿಪಬ್ಲಿಕನ್ನರ ಬಗ್ಗೆ ಇಷ್ಟು ಹೊತ್ತು ಮೃದುವಾಗಿದ್ದೆ ಎನಿಸಿದರೆ, ಅವರ ಲೆಕ್ಕವನ್ನೂ ಈಗ ಹೇಳುತ್ತೇನೆ: ಅವರು ಕಾರ್ಮಿಕನ ಮತ ಪಡೆದಿದ್ದಾರೆ, ಅವನ ಸಂಸ್ಥೆ ಕಟ್ಟಿಕೊಟ್ಟಿಲ್ಲ. 1980ರಲ್ಲಿ ವಿಮಾನ ಸಂಚಾರ ನಿಯಂತ್ರಕರ ಯೂನಿಯನ್ ರೇಗನ್ ಅವರನ್ನು ಬೆಂಬಲಿಸಿತ್ತು. 1981ರ ಆಗಸ್ಟಿನಲ್ಲಿ ಅವರು ಮುಷ್ಕರ ಹೂಡಿದಾಗ ಅದೇ ರೇಗನ್ 11,000ಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ಕಿತ್ತರು. ಕಾರ್ಮಿಕರ ಪಕ್ಷವಾದೆವು ಎಂದ ಮೇಲೆ ಟ್ರಂಪ್ ತಂದ 2017ರ ಕಾನೂನು ಕಂಪನಿ ತೆರಿಗೆಯನ್ನು ಶೇ. 35ರಿಂದ 21ಕ್ಕೆ ಇಳಿಸಿತು. 2024ರ ಅಕ್ಟೋಬರಿನಲ್ಲಿ ಅವರು ಪೆನ್ಸಿಲ್ವೇನಿಯಾದ ಮೆಕ್‌ಡೊನಾಲ್ಡ್ಸ್‌ನಲ್ಲಿ ಏಪ್ರನ್ ಕಟ್ಟಿ ಆಲೂಗಡ್ಡೆ ಕರಿದರು, ಹತ್ತು ದಿನಕ್ಕೆ ವಿಸ್ಕಾನ್ಸಿನ್‌ನಲ್ಲಿ ಕಸದ ಲಾರಿ ಹತ್ತಿದರು; ಮತದ ಹೊತ್ತಿಗೆ ಕಾವಲಿ ಮುಂದೆ ನಿಂತು ದೋಸೆ ಹುಯ್ಯುವ ನಾಯಕರನ್ನು ಕಂಡ ನಮಗೆ ಈ ವೇಷ ಹೊಸದಲ್ಲ. ಭಕ್ಷೀಸಿನ ಮೇಲೆ ತೆರಿಗೆ ಬೇಡ ಎಂಬ ಅವರ ಘೋಷಣೆ 2025ರ ಜುಲೈನಲ್ಲಿ, 2028ರವರೆಗಿನ ರಿಯಾಯಿತಿಯಾಗಿ ಕಾನೂನಾಯಿತು. ಹೋಟೆಲಿನಲ್ಲಿ ಬಡಿಸುವವರ ಕೈಗೆ ಅದರಿಂದ ಒಂದಿಷ್ಟು ಹಣ ಸಿಗುತ್ತದೆ, ಸುಳ್ಳಲ್ಲ. ಆದರೆ ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ಕತ್ತರಿ ಹಾಕಿದ್ದೂ ಅದೇ ಕಾನೂನು. ಅದರಿಂದಾಗಿ 2034ರ ಹೊತ್ತಿಗೆ ವಿಮೆ ಇಲ್ಲದವರ ಸಂಖ್ಯೆ ಸುಮಾರು ಒಂದು ಕೋಟಿಯಷ್ಟು ಹೆಚ್ಚುತ್ತದೆಂದು ಸಂಸತ್ತಿನ ಸ್ವಂತ ಬಜೆಟ್ ಕಚೇರಿಯೇ ಅಂದಾಜು ಮಾಡಿದೆ.

ಮಿಸೌರಿಯ ಕಾಯಿಲೆ ರಜೆ 2025ರ ಮೇ 1ರಂದು ಜಾರಿಗೆ ಬಂತು. ಅಷ್ಟರಲ್ಲೇ, ಅದಕ್ಕೆ ಹೌದೆಂದ ಅದೇ ಮತದಾರರು ಆರಿಸಿ ಕಳಿಸಿದ್ದ ರಿಪಬ್ಲಿಕನ್ ಬಹುಮತದ ಶಾಸನಸಭೆ ಅದನ್ನು ರದ್ದುಮಾಡುವ ಮಸೂದೆ ಸಿದ್ಧಪಡಿಸಿಟ್ಟಿತ್ತು. ಜುಲೈನಲ್ಲಿ ರಾಜ್ಯಪಾಲರ ಸಹಿ ಬಿತ್ತು, ಆಗಸ್ಟ್ 28ಕ್ಕೆ ರಜೆ ಕೊನೆಗೊಂಡಿತು. ಈ ಹದಿನೇಳು ವಾರಗಳಲ್ಲಿ ವಾರಕ್ಕೆ 40 ಗಂಟೆಯಂತೆ ತಪ್ಪದೆ ದುಡಿದವರ ಲೆಕ್ಕಕ್ಕೆ ಸೇರಿದ ರಜೆ ಸುಮಾರು 22 ಗಂಟೆ, ಮೂರು ದಿನಕ್ಕೂ ಕಡಿಮೆ.